ಹಿಟಾಚಿಯೋ, ಪೋಕ್ಲೇನೋ, ಟ್ರ್ಯಾಕ್ಟರೋ?

ನಮ್ಮೂರ ಕಡೆ ಹಿಟಾಚಿ ಅನ್ನುವುದನ್ನು ಪುಣೆಯಲ್ಲಿ ಪೋಕ್ಲೇನ್ ಅನ್ನುತ್ತಾರೆ. ಎರಡೂ ಕಂಪನಿಯ ಹೆಸರೇ. ಚೈನಿನ ಮೇಲೆ ನಡೆದು ಮಣ್ಣು ಅಗೆಯುವ ಯಂತ್ರ ಒಂದೇ.

ಪುಣೆ ಹತ್ತಿರದ ಮುಳಶಿಯಲ್ಲಿ ಗೆಳೆಯರೊಬ್ಬರ ಜಾಗದ ತುಂಬ ಲಂಟಾನ, ಗ್ಲಿರಿಸಿಡಿಯಾ ಆಳೆತ್ತರ ಬೆಳೆದಿವೆ. "ಜೆಸಿಬಿ ತರಿಸಿ, ಒಂದೇ ದಿನಕ್ಕೆ ಬಯಲು" ಅಂತ ಎಲ್ಲರ ಸಲಹೆ. ತಳೇಗಾಂವ್‌ನಲ್ಲಿ ಅದರ ಕಾರ್ಖಾನೆಯೇ ಇರುವ ಜಿಲ್ಲೆ ಇದು. ಆದರೆ ಬಕೆಟ್ಟು ಗಿಡದ ಜೊತೆ ಮೇಲ್ಮಣ್ಣನ್ನೂ ಕೆರೆದು ರಾಶಿ ಹಾಕುತ್ತದೆ. ಅಲ್ಲಿ ಗರಸು ಮುರುಮಿನ ಮೇಲಿರುವ ಮಣ್ಣೇ ಒಂದು ಗೇಣು. ಜೂನ್ ಮಳೆ ಹಿಡಿದರೆ ಅದೂ ಇಳಿಜಾರಲ್ಲಿ ಕೊಚ್ಚಿಹೋಗುತ್ತದೆ.

ಸಮತಟ್ಟಾದ ಕಡೆ ಪೊದೆಗೆ ಟ್ರ್ಯಾಕ್ಟರಿನ ಸ್ಲ್ಯಾಷರ್ ಸಾಕು. ನೆಲ ಕೆದಕದೆ ಕತ್ತರಿಸಿ ಅಲ್ಲೇ ಹರಡುತ್ತದೆ. ಲಂಟಾನದ ಬುಡಗಳನ್ನು ಆಮೇಲೆ ಪಿಕಾಸಿಯಲ್ಲಿ ಕೀಳಬೇಕು. ಗ್ಲಿರಿಸಿಡಿಯಾ ಕಡಿದಷ್ಟೂ ಚಿಗುರುತ್ತದೆ. ಅದರ ದಪ್ಪ ಬೊಡ್ಡೆಗಳಿಗಷ್ಟೇ ಸಣ್ಣ ಪೋಕ್ಲೇನ್. ಕಡಿದಾದ ಇಳಿಜಾರಿಗೆ ಯಾವ ಯಂತ್ರವೂ ಬೇಡ, ಆಳು-ಕತ್ತಿಯೇ ಸರಿ.

ಗಾಡಿ ಬರುವ ಮೊದಲು ಜಾಗದಲ್ಲೆಲ್ಲ ನಡೆದು, ಉಳಿಸಬೇಕಾದ ಗಿಡಗಳಿಗೆ ಸುಣ್ಣ ಬಳಿಯಲು ಹೇಳಿದ್ದೇನೆ. ನಡುವೆ ಕವಳೆ ಪೊದೆಗಳಿವೆ, ಮೇ ತಿಂಗಳಲ್ಲಿ ಕಪ್ಪು ಹಣ್ಣು ತುಂಬುವಂಥವು. ಆಪರೇಟರ್‌ನ ಸೀಟಿನಿಂದ ಅವೂ ಲಂಟಾನದ ಹಾಗೆಯೇ ಕಾಣುತ್ತವೆ.