ನಗಿಸುವವಳ ಹಾಡು

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂದು ನಮ್ಮಲ್ಲೊಂದು ಗಾದೆಯುಂಟು. ನಗುವವಳ ಪಾಡೇ ಹೀಗಾದರೆ ನಗಿಸುವವಳ ಪಾಡೇನು? ಗಾದೆ ಕಟ್ಟಿದ ಹಿರಿಯರು ಅಂಥವಳೊಬ್ಬಳು ಇರಬಹುದೆಂದು ಎಣಿಸಿಯೇ ಇರಲಿಕ್ಕಿಲ್ಲ. ಆದರೆ ಆಕೆ ಎಲ್ಲ ಕಾಲಕ್ಕೂ ಇದ್ದಳು. ಹೆಚ್ಚಾಗಿ ಅಡಿಗೆಮನೆಯಲ್ಲಿದ್ದಳು, ಅಪರೂಪಕ್ಕೆ ರಂಗದ ಮೇಲಿದ್ದಳು. ಹಾಡುವವಳಿಗೆ ಸಿಕ್ಕ ಮರ್ಯಾದೆ ನಗಿಸುವವಳಿಗೆ ಸಿಕ್ಕಲಿಲ್ಲ. ಎರಡನ್ನೂ ಬಲ್ಲವಳನ್ನು ಏನೆಂದು ಕರೆಯಬೇಕೆಂಬುದೇ ಜನಕ್ಕೆ ತಿಳಿಯಲಿಲ್ಲ.

ಈ ಮಾತನ್ನು ಚಂದ್ರಗಿರಿಯ ದಡದ ಓದುಗರ ಮುಂದಿಡಲು ನನಗೆ ಸಂಕೋಚವಿಲ್ಲ. ನಾನು ಅಕ್ಕಲಕೋಟೆಯವಳು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತಳಾದವಳು. ನಿಮಗೂ ನಮಗೂ ನಡುವೆ ನೂರಾರು ಮೈಲಿ ಅಂತರವಿದ್ದರೂ 1967ರ ಮಹಾಜನ ವರದಿಯಲ್ಲಿ ನಾವು ಒಂದೇ ಪಂಕ್ತಿಯಲ್ಲಿ ಕುಳಿತವರು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಭಾಗಗಳೂ ಚಂದ್ರಗಿರಿಯ ಉತ್ತರದ ಕಾಸರಗೋಡೂ ಕರ್ನಾಟಕಕ್ಕೆ ಸೇರಲಿ ಎಂದಿತ್ತು ಆ ವರದಿ. ಎಲೆ ಹಾಕಿದರು, ಬಡಿಸಲಿಲ್ಲ. ಹಾಗೆ ಕಾದು ಕುಳಿತ ಮನೆಗಳೊಳಗೆ ಭಾಷೆ ಹೇಗೆ ಉಳಿಯಿತು ಎಂದು ಕೇಳಿದರೆ, ಠರಾವುಗಳಿಂದ ಎನ್ನುವವರು ಎನ್ನಲಿ. ನನ್ನ ಕಣ್ಣಿಗೆ ಕಂಡದ್ದು ಹೆಂಗಸರ ನಗೆಯಿಂದ.

ನಮ್ಮ ತಂದೆಯ ತಂಗಿ, ನಮ್ಮ ಅತ್ಯಾ, ಯಾವ ನಾಟಕ ಕಂಪನಿಯನ್ನೂ ಸೇರಿದವಳಲ್ಲ. ಆದರೆ ಕುಬಸ, ತೊಟ್ಟಿಲು, ಮದುವೆ ಯಾವುದಿದ್ದರೂ ಓಣಿಯ ಹೆಂಗಸರು ಮೊದಲು ಕೇಳುತ್ತಿದ್ದುದು ‘ಆಕಿ ಬರ್ತಾಳೇನು?’ ಎಂದೇ. ಬೀಗರ ಹಾಡಿನಲ್ಲಿ ಆಕೆ ಬೀಗಿತ್ತಿಯ ನಡಿಗೆ, ಬೀಗನ ಕೆಮ್ಮು, ಮದುಮಗನ ಗೆಳೆಯರ ಗತ್ತು ಒಂದೊಂದನ್ನೇ ಎತ್ತಿಕೊಂಡು, ಹಾಡುತ್ತಲೇ ಆಡಿ ತೋರಿಸುವಳು. ಬೈಸಿಕೊಂಡವರೇ ಮೊದಲು ನಗಬೇಕು, ಅಂಥ ಕೈಗುಣ. ಹೆಂಡತಿ ಗಂಡನ ಹೆಸರನ್ನು ಒಡಪಿನಲ್ಲಿ ಹೇಳುವ ರೂಢಿ ನಿಮ್ಮಲ್ಲಿ ಇದೆಯೋ ಇಲ್ಲವೋ ಅರಿಯೆ. ಮರಾಠಿಯವರು ಇದನ್ನೇ ಉಖಾಣೆ ಎನ್ನುತ್ತಾರೆ. ಒಮ್ಮೆ ಎಲ್ಲರೂ ಒತ್ತಾಯ ಮಾಡಿದಾಗ ಅತ್ಯಾ ಸೆರಗು ಸರಿಮಾಡಿಕೊಂಡು ಹೇಳಿದ್ದು ಹೀಗೆ:

‘ಸೊಲ್ಲಾಪುರದ ಚಾದರಕ್ಕ ಬಣ್ಣ ಹೋಗೂದಿಲ್ಲ, ಅಕ್ಕಲಕೋಟಿ ಬಿಸಲಿಗೆ ಕರುಣಾ ಬರೂದಿಲ್ಲ, ಹೇಳಂದ್ರ ಹೇಳ್ತೀನ್ರೆವ್ವಾ ನಮ್ಮವರ ಹೆಸರ, ಇಪ್ಪತ್ತ ವರ್ಷಾತು, ಅವರು ನನ್ನ ಹೆಸರ ಹಿಡದು ಒಮ್ಮೀನೂ ಕರದಿಲ್ಲ!’

ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಸುಮ್ಮನಿರುವಿಕೆಯನ್ನು ಕಂಡ ಕೂಡಲೇ ಆಕೆ ಸೋಬಾನದ ಒಂದು ನುಡಿ ಎತ್ತಿಕೊಂಡು ಹಾಡತೊಡಗಿದಳು. ನಗಿಸುವವಳಿಗೆ ಹಾಡು ಏಕೆ ಬೇಕು ಎಂಬುದು ನನಗೆ ಅಂದು ತಿಳಿಯಿತು. ನಗೆ ಬಾಗಿಲು ತೆರೆಯುತ್ತದೆ. ಒಳಗೆ ಕಂಡದ್ದನ್ನು ತಾಳಿಕೊಳ್ಳಲು ಹಾಡು ಬೇಕು.

ಆಕೆಯ ಪಟ್ಟದ ಆಟವೆಂದರೆ ಎಸ್.ಟಿ. ಬಸ್ಸಿನದು. ದೇವರಿಗೆ ಹೊರಟ ಹಳ್ಳಿಯ ಕನ್ನಡ ಮುದುಕಿ, ಟಿಕೀಟು ಕೊಡುವ ಮರಾಠಿ ಕಂಡಕ್ಟರ. ಎರಡೂ ಪಾತ್ರ ಒಬ್ಬಳೇ. ಕಂಡಕ್ಟರ ಎಲ್ಲಿಗೆ ಹೋಗಬೇಕೆಂದು ‘ಆಜಿ, ಕುಠೇ?’ ಎನ್ನುತ್ತಾನೆ. ಮುದುಕಿ, ‘ಕೂತೀನಲ್ಲೋ ಯಪ್ಪಾ, ಕಾಣಸವಲ್ಲದೇನು?’ ಎನ್ನುತ್ತಾಳೆ. ಏನೆಂದನೋ ಎಂಬರ್ಥದಲ್ಲಿ ಅವನು ‘ಕಾಯ್?’ ಎಂದರೆ, ‘ಕಾಯಿ ಇಲ್ಲೋ, ಬರೇ ಹೂವ ಹಣ್ಣ ತಂದೀನಿ’ ಎಂದು ಚೀಲ ಬಿಚ್ಚುತ್ತಾಳೆ. ತಲೆಕೆಟ್ಟ ಕಂಡಕ್ಟರ, ಈಕೆಯ ಜೊತೆಗೆ ಯಾರಿದ್ದಾರೆಂದು ‘ಬರೋಬರ್ ಕೋಣ್ ಆಹೇ?’ ಎಂದು ಕೂಗಿದಾಗ ಮುದುಕಿ ಎದ್ದು ನಿಲ್ಲುತ್ತಾಳೆ: ‘ಯಾರಿಗೋ ಕೋಣ ಅಂತಿ? ನಿಮ್ಮವ್ವನ ವಾರಗಿಯಾಕಿ ನಾ!’ ಕೊನೆಗೆ ಕಂಡಕ್ಟರನೇ ಕೈಮುಗಿದು ಪುಕ್ಕಟೆ ಕರೆದೊಯ್ಯುತ್ತಾನೆ. ಮುದುಕಿ ಇಳಿಯುವಾಗ ಚೊಕ್ಕ ಮರಾಠಿಯಲ್ಲಿ ಅವನಿಗೆ ಆಶೀರ್ವಾದ ಮಾಡುತ್ತಾಳೆ! ಆಕೆಗೆ ಮೊದಲಿನಿಂದಲೂ ಎಲ್ಲ ತಿಳಿದಿತ್ತೆಂಬುದು ನೋಡುವವರಿಗೆ ಹೊಳೆಯುವುದು ಆಗಲೇ. ಕನ್ನಡದ ಪಟ್ಟಿಯನ್ನು ಮಲೆಯಾಳದ ಪಟ್ಟಿಯೆಂದು ತಿಳಿದು ಹೌಹಾರಿದ ಕಥೆಗಳನ್ನು ಕೇಳಿ ಬೆಳೆದ ನಿಮಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಲೆಯನ್ನು ವೃತ್ತಿಯಾಗಿ ಮಾಡಿದ ಹೆಂಗಸರನ್ನು ನಾವು ನೋಡುತ್ತಿದ್ದುದು ಜಾತ್ರೆಯ ನಾಟಕಗಳಲ್ಲಿ. ಕಂಪನಿ ನಾಟಕದ ಕಟ್ಟೋಣ ಬಲ್ಲವರಿಗೆ ಗೊತ್ತು: ಹಿಂದಿನ ಅರಮನೆ ತೆಗೆದು ಗುಡಿಸಲು ಹೂಡುವ ತನಕ ಮುಂದೆ ರಸ್ತೆಯ ಪರದೆ ಬಿಡುತ್ತಾರೆ. ಆ ಪರದೆಗೂ ದೀಪಗಳಿಗೂ ನಡುವಿನ ನಾಲ್ಕು ಮಾರು ಜಾಗವೇ ಹಾಸ್ಯ ಜೋಡಿಯ ರಾಜ್ಯ. ಕಥೆಗೂ ಅವರಿಗೂ ಬರೇ ನೂಲಿನೆಳೆಯಷ್ಟು ಸಂಬಂಧ. ಒಳಗೆ ಮೊಳೆ ಹೊಡೆಯುವ ಸದ್ದು ಹೊರಗೆ ಕೇಳದಂತೆ ಜನರನ್ನು ನಗಿಸಬೇಕು, ಒಳಗಿನವರು ತಡಮಾಡಿದರೆ ಮಾತು ಬೆಳೆಸಬೇಕು, ಸೀಟಿ ಬಿದ್ದರೆ ಹಾಡಿ ಮುಗಿಸಬೇಕು. ‘ಒನ್ಸ್ ಮೋರ್’ ಬಿದ್ದರೆ ಅದೇ ಹಾಡನ್ನು ಹೊಸ ಚೇಷ್ಟೆಯೊಂದಿಗೆ ಮತ್ತೆ ಹಾಡಬೇಕು. ನಾಯಕಿ ಅತ್ತರೆ ನಾಟಕ ಗೆದ್ದಿತು ಎನ್ನುವರು. ಹಾಸ್ಯದವಳು ನಗಿಸದಿದ್ದರೆ ಪರದೆಯ ಹಿಂದಿನ ಅರಮನೆ ಏಳುವುದೇ ಇಲ್ಲ. ಆದರೂ ಹಸ್ತಪತ್ರಿಕೆಯಲ್ಲಿ ಅವಳ ಹೆಸರು ಕೆಳಗಿನ ಸಾಲಿನಲ್ಲೇ.

ಹಳ್ಳಿಯ ಗಂಡಸರು ತಾವೇ ನಾಟಕ ಕಲಿತು ಆಡುವಾಗ ಹೆಣ್ಣುಪಾತ್ರಕ್ಕೆ ನಟಿಯರನ್ನು ಹೊರಗಿನಿಂದ ಕರೆಸುವುದುಂಟು. ಸಂಜೆಯ ಬಸ್ಸಿಗೆ ಬಂದು, ಪರಿಚಯವೇ ಇಲ್ಲದ ‘ಗಂಡ’ನ ಜೊತೆ ರಾತ್ರಿಯಿಡೀ ಸಂಸಾರ ಮಾಡಿ, ಅವನು ಮರೆತ ಮಾತನ್ನೂ ತಾವೇ ಎತ್ತಿಕೊಟ್ಟು, ಬೆಳಗಿನ ಬಸ್ಸಿಗೆ ಹೋಗುವವರು ಇವರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕದ ದುರ್ಗಿಯ ಪಾತ್ರ ಇಂಥ ಗಟ್ಟಿ ಬಾಯಿಯವಳಿಗೆ ಹೇಳಿ ಮಾಡಿಸಿದ್ದು. 1974ರಲ್ಲಿ ಅದು ಸಿನೆಮಾ ಆದಾಗ ಮಂಜುಳಾ ಆ ಪಾತ್ರ ಮಾಡಿದರು. ರಾತ್ರಿ ದುರ್ಗಿಗೆ ಚಪ್ಪಾಳೆ ತಟ್ಟಿದ ಊರೇ ಬೆಳಿಗ್ಗೆ ಆ ನಟಿ ಚಹಾ ಕೇಳಿದರೆ ಬೇರೆ ಲೋಟ ಹುಡುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮರಾಠಿಯವರ ಕಥೆ ಬೇರೆಯಲ್ಲ. ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ 1935ರಲ್ಲಿ ಹುಟ್ಟಿದ ವಿಠಾಬಾಯಿ ನಾರಾಯಣಗಾಂವಕರ ತಮಾಶಾದ ದೊಡ್ಡ ಹೆಸರು. ಗಣ, ಗವಳಣ, ಬತಾವಣಿ, ವಗ ಎಂದು ನಡೆಯುವ ತಮಾಶಾದಲ್ಲಿ ಲಾವಣಿಯ ಕಂಠವೂ ಬೇಕು, ಮಾತಿಗೆ ಮಾತು ಕೊಡುವ ಚುರುಕೂ ಬೇಕು. ತುಂಬು ಗರ್ಭಿಣಿಯಾಗಿ ಕುಣಿಯುತ್ತಿದ್ದ ಆಕೆ ಪರದೆಯ ಹಿಂದೆ ಹೋಗಿ ಹಡೆದು, ಮತ್ತೆ ರಂಗಕ್ಕೆ ಬಂದ ಸಂಗತಿಯನ್ನು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ರಾಷ್ಟ್ರಪತಿಗಳಿಂದ ಸನ್ಮಾನ ಪಡೆದ ಆ ಕಲಾವಿದೆಯ ಕೊನೆಗಾಲ ಮಾತ್ರ ಹಣದ ಅಡಚಣೆಯಲ್ಲೇ ಕಳೆಯಿತು. 2002ರಲ್ಲಿ ತೀರಿಕೊಂಡರು. ಆಮೇಲೆ ಸರಕಾರ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡತೊಡಗಿತು.

ಹೀಗೆ ನೋಡಿದಾಗ ಬಿ. ಜಯಶ್ರೀಯವರ ಬದುಕು ಒಂದು ಸಮಾಧಾನ. ಅವರ ಅಜ್ಜ ಗುಬ್ಬಿ ವೀರಣ್ಣನವರು ದೊಡ್ಡ ಕಂಪನಿಯ ಮಾಲಕರಾಗಿಯೂ ರಂಗದ ಮೇಲೆ ಹಾಸ್ಯಗಾರರಾಗಿಯೇ ಹೆಸರಾದವರು. ಗಂಡಸಿಗೆ ಹಾಸ್ಯ ಕಿರೀಟವಾಯಿತು. ಮೊಮ್ಮಗಳು ಅದನ್ನು ಹೆಣ್ಣಿಗೂ ಸಲ್ಲುವಂತೆ ಮಾಡಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1973ರಲ್ಲಿ ಹೊರಬಂದರು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ಗಳನ್ನು ಆಡಿಸಿದರು. ಗಂಟಲಿನಲ್ಲಿ ಮಣ್ಣಿನ ಗಡಸು. ಅದೇ ಗಂಟಲು ಒಂದು ಕ್ಷಣ ಗದರಿ ಮರುಕ್ಷಣ ಹಾಡಬಲ್ಲದು. ಎಷ್ಟೋ ಚಿತ್ರನಟಿಯರು ತೆರೆಯ ಮೇಲೆ ಮಾತಾಡಿದ್ದು ಇವರ ದನಿಯಲ್ಲಿ. 1997ರ ‘ನಾಗಮಂಡಲ’ ಚಿತ್ರದಲ್ಲಿ ಅವರು ಕುರುಡವ್ವನಾಗಿ ಉತ್ತರ ಕರ್ನಾಟಕದ ಮಾತನ್ನಾಡಿದಾಗ, ನಮ್ಮ ಮನೆಯ ಮಾತಿಗೂ ಬೆಳ್ಳಿತೆರೆಯಲ್ಲಿ ಜಾಗವಿದೆಯೆಂದು ನಮಗೆ ಹಿಗ್ಗು. 2001ರಲ್ಲಿ ‘ನನ್ನ ಪ್ರೀತಿಯ ಹುಡುಗಿ’ ಚಿತ್ರಕ್ಕೆ ಅವರು ಹಾಡಿದ ಕಾರಿನ ಹಾಡು ನಮ್ಮ ಶಾಲೆಯ ಮಕ್ಕಳ ಬಾಯಲ್ಲೂ ಕುಣಿಯಿತು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 2013ರಲ್ಲಿ ಪದ್ಮಶ್ರೀ ಬಂತು.

ಉಮಾಶ್ರೀಯವರನ್ನೂ ಇಲ್ಲಿ ನೆನೆಯಬೇಕು. ಸಿನೆಮಾದಲ್ಲಿ ಜನ ಅವರನ್ನು ಬಹುಕಾಲ ನಗಿಸುವುದಕ್ಕಷ್ಟೇ ಕರೆದರು. ಆದರೆ ‘ಒಡಲಾಳ’ದ ಸಾಕವ್ವನನ್ನು ಅವರು ರಂಗದ ಮೇಲೆ ತಂದಾಗ ನಗುತ್ತಿದ್ದವರ ಗಂಟಲು ಕಟ್ಟಿತು. 2008ರ ‘ಗುಲಾಬಿ ಟಾಕೀಸ್’ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ನಿಮ್ಮ ಮಲೆಯಾಳದಲ್ಲೂ 2016ರಲ್ಲಿ ತೀರಿಕೊಂಡ ಕಲ್ಪನಾ, 2022ರಲ್ಲಿ ತೀರಿಕೊಂಡ ಕೆ.ಪಿ.ಎ.ಸಿ. ಲಲಿತಾ ಇದನ್ನೇ ತೋರಿಸಿದರು. ನಗಿಸುವವಳು ಯಾವಾಗಲೂ ಒಂದು ಹೆಜ್ಜೆ ಅಳುವಿನ ಪಕ್ಕದಲ್ಲೇ ನಿಂತಿರುತ್ತಾಳೆ. ಆ ಹೆಜ್ಜೆ ಇಡಲು ಅವಳಿಗೆ ಅವಕಾಶ ಕೊಡುವವರು ಬೇಕು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನನ್ನ ಅಣ್ಣನ ಮಗಳು ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಓದಿ ಬೆಳೆದವಳು, ಮನೆಯಲ್ಲಿ ಕನ್ನಡ. ಅಜ್ಜಿಯರ ಕಂಠ, ಅಜ್ಜಿಯರ ಚೇಷ್ಟೆ ಎರಡೂ ಅವಳಿಗೆ ಬಂದಿವೆ. ಕಾಲೇಜಿನ ಗ್ಯಾದರಿಂಗಿನಲ್ಲಿ ಬಸ್ಸಿನ ಆಟ ಆಡುತ್ತೇನೆಂದಾಗ ನಾನೇ ಕೂತು ಮಾತು ಮಾತೂ ಹೇಳಿಕೊಟ್ಟೆ. ಸಭೆ ಬಹಳ ನಕ್ಕಿತು, ಬಹುಮಾನವೂ ಬಂತು. ಆದರೆ ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದಳು.

‘ಅತ್ಯಾ, ಅವರು ನಕ್ಕಿದ್ದು ಬ್ಯಾರೆ ಅದ. ಅಜ್ಜಿ ಆಡಿದಾಗ ನಾವು ಕಂಡಕ್ಟರನ ಪಜೀತಿ ನೋಡಿ ನಗತಿದ್ವಿ. ಇಲ್ಲಿ ಅವರು ಮುದುಕಿಗೆ ನಕ್ಕರು. ಆಕಿ ಕಿವುಡಿ, ಹುಚ್ಚಿ ಅಂದ್ಕೊಂಡ್ರು.’

ನಾನು ಬಹಳ ಹೊತ್ತು ಯೋಚಿಸಿದೆ. ಮಾತು ಅದೇ, ಅಭಿನಯ ಅದೇ. ಬದಲಾದದ್ದು ಕೇಳುವ ಕಿವಿ. ‘ಕೂತೀನಿ’ ಎಂದರೇನೆಂದು ತಿಳಿಯದವನಿಗೆ ಮುದುಕಿಯ ಜಾಣತನ ಕಾಣುವ ಬಗೆ ಹೇಗೆ? ಎರಡು ಭಾಷೆಯ ನಗೆಯಲ್ಲಿ ಒಂದು ಭಾಷೆ ಅಳಿದರೆ ನಗೆ ಉಳಿಯುತ್ತದೆ, ಆದರೆ ನಗುವವರು ಆಚೆಗೆ ಹೋಗುತ್ತಾರೆ, ನಾವು ನಗೆಪಾಟಲಾಗಿ ಈಚೆ ನಿಲ್ಲುತ್ತೇವೆ. ಭಾಷೆ ಹೋಗುವುದೆಂದರೆ ಶಾಲೆ ಮುಚ್ಚುವುದು, ಫಲಕ ಅಳಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ನಮ್ಮ ಮುದುಕಿ ಜಾಣೆಯಾಗಿದ್ದವಳು ಹುಚ್ಚಿಯಾಗುವುದೂ ಭಾಷೆ ಹೋಗುವುದೇ ಎಂದು ಆ ಹುಡುಗಿಯ ಮಾತಿನಿಂದ ಅರಿತೆ.

ಅವಳು ಆಟವನ್ನು ಬಿಡಲಿಲ್ಲ, ತಿದ್ದಿದಳು. ಈಗ ಅವಳ ಬಸ್ಸಿನಲ್ಲಿ ಎರಡೂ ಭಾಷೆ ಬಲ್ಲ ಒಬ್ಬ ಶಾಲೆಯ ಹುಡುಗಿ ಕುಳಿತಿರುತ್ತಾಳೆ. ಮುದುಕಿಯ ಒಂದೊಂದು ಮಾತನ್ನೂ ಕಂಡಕ್ಟರನಿಗೆ ಮರಾಠಿಯಲ್ಲಿ ಬಿಡಿಸಿ ಹೇಳುತ್ತಾಳೆ, ಅದೂ ತನಗೆ ಬೇಕಾದಂತೆ ಉಪ್ಪುಖಾರ ಹಚ್ಚಿ. ಎಲ್ಲರೂ ನಗುತ್ತಿರುವಾಗ ಮುದುಕಿ ಕಿಟಕಿಯ ಕಡೆ ತಿರುಗಿ, ಸೊಲ್ಲಾಪುರದ ಸಿದ್ಧರಾಮನನ್ನು ನೆನೆದು, ತನ್ನಷ್ಟಕ್ಕೆ ತಾನೇ ಕನ್ನಡದಲ್ಲಿ ಹಾಡಿಕೊಳ್ಳುತ್ತಾಳೆ. ಹಾಡನ್ನು ಆ ಹುಡುಗಿ ಅನುವಾದಿಸುವುದಿಲ್ಲ. ಸಭೆ ಅರ್ಥವಾಗದಿದ್ದರೂ ಸುಮ್ಮನಾಗುತ್ತದೆ. ಕಂಡಕ್ಟರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

ವಾರದ ದಿನ ನೌಕರಿ, ರವಿವಾರ ಕಾರ್ಯಕ್ರಮ. ಹೀಗೆ ಅವಳ ಕಲೆ ನಡೆದಿದೆ. ಮರಾಠಿ ಸಂಘಟಕರು ಕೆಲವರು, ‘ಕನ್ನಡ ಸ್ವಲ್ಪ ಕಡಿಮೆ ಮಾಡು’ ಎನ್ನುತ್ತಾರೆ. ಕನ್ನಡ ಸಂಘಟಕರು ಕೆಲವರು, ‘ನಮ್ಮ ವೇದಿಕೆಯ ಮೇಲೆ ಮರಾಠಿ ಯಾಕೆ?’ ಎನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಿದರೆ ಬಸ್ಸಿನಲ್ಲಿ ಒಬ್ಬರೇ ಉಳಿಯುತ್ತಾರೆ, ಆಟ ನಿಲ್ಲುತ್ತದೆ. ಅದಕ್ಕೇ ಅವಳು ಇಬ್ಬರಿಗೂ ನಕ್ಕು, ‘ಆಗಲಿ ಕಾಕಾ’ ಎಂದು, ತನ್ನ ಆಟವನ್ನು ತಾನಿದ್ದಂತೆಯೇ ಆಡುತ್ತಾಳೆ. ಕೆಲವು ಕಡೆಯಿಂದ ಮತ್ತೆ ಕರೆ ಬರುವುದಿಲ್ಲ. ಬರುವ ಕಡೆ ಮಾತ್ರ ಎರಡೂ ಭಾಷೆಯವರು ಒಂದೇ ಸಾಲಿನಲ್ಲಿ ಕುಳಿತು ನಗುತ್ತಾರೆ.

ಎರಡು ಲಿಪಿಗಳನ್ನು ಒಂದೇ ಹೊಲಿಗೆಯಲ್ಲಿ ಕಟ್ಟುವ ಈ ಸಂಚಿಕೆಯ ಓದುಗರಿಗೆ ಅವಳ ಹಟ ಅರ್ಥವಾದೀತು. ನಿಮ್ಮಲ್ಲಿ ಒಂದು ಬೇಡಿಕೆ. ಮನೆಯ ಶುಭಕಾರ್ಯಗಳಲ್ಲಿ ಬಾಡಿಗೆಯ ಧ್ವನಿವರ್ಧಕವನ್ನು ಅರ್ಧ ಗಂಟೆ ನಿಲ್ಲಿಸಿರಿ. ಬಾಯಿ ಜೋರೆಂದು ನೀವು ಗದರಿಸುವ ಹುಡುಗಿ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತಾಳೆ. ಅವಳನ್ನು ನಡುವೆ ಕರೆದು ನಿಲ್ಲಿಸಿರಿ. ಅವಳು ನಿಮ್ಮನ್ನೇ ಅಣಕಿಸಿಯಾಳು. ಮೊದಲು ನೀವೇ ನಗಿರಿ. ಆಮೇಲೆ ಅವಳು ಹಾಡಿಯಾಳು. ಎದ್ದು ಹೋಗದೆ ಅದನ್ನೂ ಕೇಳಿರಿ.