ನನ್ನ ಕೋಣೆಯ ಕೆಸು

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಿರೆಂದು ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ ನನ್ನ ಗೆಳೆಯರೆಲ್ಲ ಘನವಾದ ವಿಷಯಗಳನ್ನೇ ಆರಿಸಿಕೊಂಡರು. ಒಬ್ಬನು ಪ್ರಜಾಪ್ರಭುತ್ವವನ್ನು ಹಿಡಿದ. ಇನ್ನೊಬ್ಬನು ವಚನ ಸಾಹಿತ್ಯವನ್ನು ಹಿಡಿದ. ಗೆಳತಿಯೊಬ್ಬಳು ಹಂಪೆಯ ಪ್ರವಾಸವನ್ನು ಹಿಡಿದಳು. ನನ್ನ ಪಾಲಿಗೆ ಉಳಿದದ್ದು ಹಾಸ್ಟೆಲಿನ ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಯಲ್ಲೊಂದು ಕುಂಡ, ಕುಂಡದಲ್ಲೊಂದು ಕೆಸು. ಇದೇನು ಬರೆಯುವ ವಿಷಯವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಮೂರು ವರ್ಷದ ಬಿ.ಎ. ವ್ಯಾಸಂಗದಲ್ಲಿ ನಾನು ಪಠ್ಯದ ಹೊರಗೆ ಕಲಿತ ಒಂದು ಪಾಠ ಆ ಕುಂಡದ ಬಳಿಯೇ ಆದದ್ದರಿಂದ, ಅದನ್ನು ಬಿಟ್ಟು ಬೇರೆ ಬರೆಯಲು ಮನಸ್ಸು ಬರಲಿಲ್ಲ.

ನಾನು ಮಲೆನಾಡಿನವನು, ತೀರ್ಥಹಳ್ಳಿಯ ಕಡೆಯವನು. ನಮ್ಮಲ್ಲಿ ಕೆಸುವನ್ನು ಯಾರೂ ಬೆಳೆಸುವುದಿಲ್ಲ, ಅದು ತಾನಾಗಿ ಬೆಳೆಯುತ್ತದೆ. ಬಚ್ಚಲ ನೀರು ಹರಿಯುವ ಕಡೆ, ತೋಟದ ಕಪ್ಪಿನಲ್ಲಿ, ಗದ್ದೆಯ ಬದುವಿನಲ್ಲಿ, ಎಲ್ಲಿ ತೇವವಿದೆಯೋ ಅಲ್ಲಿ ಕೆಸುವಿದೆ. ಮಳೆಗೆ ಸಿಕ್ಕ ಹುಡುಗರಿಗೆ ಅದರ ಎಲೆಯೇ ಕೊಡೆ. ಅದರ ಮೇಲೆ ಬಿದ್ದ ಹನಿ ಪಾದರಸದಂತೆ ಉರುಳಿ ಹೋಗುವುದನ್ನು ನೋಡುತ್ತ ಶಾಲೆಗೆ ತಡವಾಗಿ ಹೋಗಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ಉಳ್ಳವರ ಮನೆಯಲ್ಲಿ ಆಷಾಢದ ಮಳೆಗೆ ಮರಕೆಸುವಿನ ಪತ್ರೊಡೆ ಒಂದು ಸಂಭ್ರಮ. ನಮ್ಮ ಮನೆಯಲ್ಲಿ ಹಾಗಲ್ಲ. ಅವ್ವನಿಗೆ ತೋಟದ ಕೂಲಿಯೇ ಆಧಾರ. ಜಡಿಮಳೆ ಹಿಡಿದು ಕೂಲಿ ನಿಂತ ದಿನಗಳಲ್ಲಿ ಹಿತ್ತಲಿನ ಕೆಸುವೇ ನಮ್ಮ ಪಲ್ಯ, ಕೆಸುವೇ ನಮ್ಮ ಸಾರು, ಕೆಸುವೇ ನಮ್ಮ ಕರಕಲಿ. ಅದರಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿದ್ದು ಅವೇ ಗಂಟಲನ್ನು ತುರಿಸುತ್ತವೆಂದು ನಾನು ಬಹಳ ದಿನಗಳ ಮೇಲೆ ಓದಿದೆ. ಚೆನ್ನಾಗಿ ಬೇಯಿಸಿ, ವಾಟೆಹುಳಿಯನ್ನೋ ಹುಣಸೆಹುಳಿಯನ್ನೋ ಹಾಕಿದರೆ ತುರಿಕೆ ಇರುವುದಿಲ್ಲವೆಂಬುದನ್ನು ಅವ್ವ ಯಾವ ಪುಸ್ತಕವನ್ನೂ ಓದದೆ ಬಲ್ಲಳು.

ಮಾಧ್ಯಮಿಕ ಶಾಲೆಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ನನ್ನ ಬುತ್ತಿಯಲ್ಲಿ ಸತತವಾಗಿ ಎಂಟು ದಿನ ಕರಕಲಿಯೇ ಇತ್ತು. ಒಂಬತ್ತನೆಯ ದಿನ ಒಬ್ಬ ಹುಡುಗ ನನ್ನನ್ನು "ಕೆಸು" ಎಂದು ಕರೆದ. ಹೆಸರು ನಿಂತಿತು. ಅಂದಿನಿಂದ ನನಗೆ ಆ ಗಿಡದ ಮೇಲೆ ಒಂದು ಬಗೆಯ ಮುನಿಸು. ಕಾಲೇಜಿಗೆಂದು ಘಟ್ಟದ ನೆರಳನ್ನು ಬಿಟ್ಟು ಬಯಲುಸೀಮೆಯ ಈ ಊರಿಗೆ ಬಂದಾಗ, ಆ ಹೆಸರು ನನ್ನೊಡನೆ ಬಸ್ಸು ಹತ್ತಲಿಲ್ಲವೆಂಬುದೇ ನನಗೆ ದೊಡ್ಡ ನೆಮ್ಮದಿಯಾಗಿತ್ತು.

ಹೀಗಿರುವಾಗ ೨೦೨೪ರ ಆಗಸ್ಟ್ ತಿಂಗಳಲ್ಲಿ ಒಂದು ಸಂಜೆ ಚಪ್ಪಲಿ ಕೊಳ್ಳಲೆಂದು ಪೇಟೆಗೆ ಹೊರಟೆ. ಅದಕ್ಕೆಂದೇ ಅವ್ವ ಕಳಿಸಿದ ಮುನ್ನೂರು ರೂಪಾಯಿ ಜೇಬಿನಲ್ಲಿತ್ತು. ದಾರಿಯಲ್ಲಿ ಒಂದು ಸಸ್ಯೋದ್ಯಾನದ ಅಂಗಡಿ. ಮುಂದಿನ ಸಾಲಿನಲ್ಲೇ ಒಂದು ಗಿಡ: ಒಂದು ಅಡಿ ಎತ್ತರವಿದ್ದೀತು; ಡಾಲಿನ ಆಕಾರದ ಐದು ಎಲೆ; ಕಪ್ಪಿಗೆ ತಿರುಗಿದ ಹಸಿರು; ಅದರ ಮೇಲೆ ಸುಣ್ಣದಲ್ಲಿ ಗೆರೆ ಎಳೆದಂತೆ ಬಿಳಿಯ ನರಗಳು; ಎಲೆಯ ಬೆನ್ನು ಮಾತ್ರ ನೇರಳೆ. ಅಂಗಡಿಯವನು, "ಅಲೋಕೇಸಿಯ ಪಾಲಿ ಸಾರ್, ಆನೆಕಿವಿ ಜಾತಿ. ಅಮೆಜಾನ್ ಕಾಡಿನದು. ಮನೆಯೊಳಗೇ ಬೆಳೆಯುತ್ತೆ, ದೊಡ್ಡದಾಗಲ್ಲ" ಎಂದ. ನನ್ನನ್ನು ಯಾರೂ ಅದುವರೆಗೆ ಸಾರ್ ಎಂದಿರಲಿಲ್ಲ. ಅದಕ್ಕೋ, ಬೇಡವೆಂದು ಬಿಟ್ಟುಬಂದ ಮುಖವೊಂದು ಹೊಸ ಅಂಗಿ ತೊಟ್ಟು ಎದುರು ನಿಂತಂತಾದುದಕ್ಕೋ, ಇನ್ನೂರ ಎಂಬತ್ತು ರೂಪಾಯಿ ಎಣಿಸಿಕೊಟ್ಟು, ಹರಿದ ಚಪ್ಪಲಿಯಲ್ಲೇ ಕುಂಡವನ್ನು ಹೊತ್ತು ಹಾಸ್ಟೆಲಿಗೆ ಬಂದೆ.

ನನ್ನ ಕೋಣೆಯ ಜೊತೆಗಾರ ಚಳ್ಳಕೆರೆಯ ಕಡೆಯವನು. "ಇದೇನೋ?" ಎಂದು ಕೇಳಿದ. "ಅಲೋಕೇಸಿಯ ಅಮೆಜಾನಿಕ" ಎಂದು ಗಂಭೀರವಾಗಿ ಹೇಳಿದೆ. ಕೆಸುವಿನ ನೆಂಟನೆಂದು ಮಾತ್ರ ಹೇಳಲಿಲ್ಲ. ಆಮೇಲೆ ಓದಿ ತಿಳಿದದ್ದೇನೆಂದರೆ, ಈ ಗಿಡ ಅಮೆಜಾನ್ ನದಿಯನ್ನು ಕಂಡದ್ದೇ ಇಲ್ಲ. ಅದರ ಹಿರಿಯರು ನಮ್ಮ ಏಷ್ಯದ ಕಾಡುಗಳವರು. ಅಮೆರಿಕದ ಫ್ಲಾರಿಡಾದಲ್ಲಿ ೧೯೫೦ರ ದಶಕದಲ್ಲಿ ಎರಡು ಜಾತಿಗಳನ್ನು ಕೂಡಿಸಿ ಇದನ್ನು ಪಡೆದರು. ಅಮೆಜಾನ್ ಎಂಬುದು ಆ ಸಸ್ಯೋದ್ಯಾನದ ಹೆಸರು. ಹೆಸರು ಬದಲಾಯಿಸಿಕೊಂಡು ದೊಡ್ಡವರ ಸಾಲಿನಲ್ಲಿ ಕುಳಿತವನು ನಾನೊಬ್ಬನೇ ಅಲ್ಲವೆಂದು ಸಮಾಧಾನವಾಯಿತು.

ಸಾಕುವುದು ಕೊಳ್ಳುವಷ್ಟು ಸುಲಭವಾಗಲಿಲ್ಲ. ಕೆಸುವಿನ ಬಳಗವಲ್ಲವೇ, ನೀರೆಂದರೆ ಪ್ರಾಣವಿರಬೇಕೆಂದು ಎರಡು ಹೊತ್ತೂ ಚೊಂಬಿನಿಂದ ಸುರಿದೆ. ಹದಿನೈದು ದಿನದಲ್ಲಿ ಎರಡು ಎಲೆ ಹಳದಿಯಾಗಿ ಜೋತುಬಿದ್ದವು. ಕಾಲೇಜಿನ ತೋಟದ ಮಾಲಿಯವರು ಕುಂಡವನ್ನು ಬೋರಲು ಹಾಕಿ ತೋರಿಸಿದರು: ಬೇರು ಕಂದಾಗಿ ಕೊಳೆಯತೊಡಗಿತ್ತು. ಊರ ಕೆಸು ಕೆಸರಿನಲ್ಲಿ ನಿಂತೀತು. ಇದಕ್ಕೆ ತೇವ ಬೇಕು, ನಿಂತ ನೀರು ಬೇಡ. ಕೊಳೆತ ಬೇರನ್ನು ಕತ್ತರಿಸಿ, ಮಣ್ಣಿಗೆ ತೆಂಗಿನ ನಾರಿನ ಪುಡಿ, ದಪ್ಪ ಮರಳು, ಇದ್ದಿಲ ಚೂರು, ಒಂದಿಷ್ಟು ಎಲೆಗೊಬ್ಬರ ಬೆರೆಸಿ, ತಳದಲ್ಲಿ ತೂತುಗಳಿದ್ದ ಅದೇ ಕುಂಡದಲ್ಲಿ ಅವರು ಮತ್ತೆ ನೆಟ್ಟುಕೊಟ್ಟರು. "ಬೆರಳು ಒಂದು ಗೆಣ್ಣು ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ, ಇಲ್ಲದಿದ್ದರೆ ಕೈಕಟ್ಟಿ ಕೂತುಕೊಳ್ಳಿ" ಎಂಬುದು ಅವರ ಉಪದೇಶ. ಕೈಕಟ್ಟಿ ಕೂರುವುದೂ ಒಂದು ಆರೈಕೆಯೆಂದು ನನಗೆ ಅಂದೇ ತಿಳಿದದ್ದು.

ಉಳಿದದ್ದನ್ನು ಗಿಡವೇ ಕಲಿಸಿತು. ನೇರ ಬಿಸಿಲಿಗಿಟ್ಟರೆ ಎಲೆ ಸುಟ್ಟು ಕಂದುಬಣ್ಣದ ಮಚ್ಚೆ ಬೀಳುತ್ತದೆ. ಮೂಲೆಯ ಕತ್ತಲೆಗಿಟ್ಟರೆ ದಂಟು ನೀಳವಾಗಿ ಬಡಕಲಾಗುತ್ತದೆ. ಮೂಡಣ ಕಿಟಕಿಯಿಂದ ಎರಡಡಿ ಹಿಂದೆ ಇಟ್ಟಾಗ ಅದಕ್ಕೆ ಒಪ್ಪಿತು. ಬೆಳಕಿನ ಕಡೆಗೆ ಬಾಗುವುದರಿಂದ ವಾರಕ್ಕೊಮ್ಮೆ ಕುಂಡವನ್ನು ತಿರುಗಿಸಬೇಕು. ಬಯಲುಸೀಮೆಯ ಒಣಹವೆ ಅದಕ್ಕೆ ಆಗದು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ತುಂಬಿ, ಕುಂಡದ ತಳ ನೀರಿಗೆ ತಾಗದಂತೆ ಅದರ ಮೇಲಿಟ್ಟೆ. ಕೆಲವು ಬೆಳಗ್ಗೆ ಎಲೆಯ ತುದಿಯಲ್ಲಿ ಒಂದು ಹನಿ ತೂಗುತ್ತಿರುತ್ತದೆ. ಇಬ್ಬನಿಯೆಂದುಕೊಂಡಿದ್ದೆ; ಅಲ್ಲ, ಬೇರು ಎಳೆದ ಹೆಚ್ಚಿನ ನೀರನ್ನು ಗಿಡವೇ ಹಾಗೆ ಹೊರಗೆ ಬಿಡುತ್ತದೆ. ಇದರ ರಸ ಕೈಗೆ ತಾಗಿದರೆ ತುರಿಕೆ. ತಿಂದರೆ ಬಾಯಿ ಗಂಟಲು ಉರಿದು ಊದಿಕೊಳ್ಳುತ್ತದೆ. ಇದು ಅಡುಗೆಯ ಕೆಸುವಲ್ಲ. ಮಕ್ಕಳೂ ಬೆಕ್ಕೂ ಇರುವ ಮನೆಯವರು ಎತ್ತರದಲ್ಲಿಡುವುದು ಕ್ಷೇಮ.

ಡಿಸೆಂಬರ್ ಬಂತು, ಚಳಿ ಬಂತು. ಒಂದೊಂದಾಗಿ ಎಲೆಗಳು ಹಳದಿಯಾಗಿ ಮಲಗಿದವು. ಸಂಕ್ರಾಂತಿಯ ಹೊತ್ತಿಗೆ ಕುಂಡದಲ್ಲಿ ಬರಿಯ ಮಣ್ಣು. ಅದೇ ತಿಂಗಳು ಮೂರನೆಯ ಸೆಮಿಸ್ಟರಿನ ಫಲಿತಾಂಶವೂ ಬಂದು ಇಂಗ್ಲಿಷಿನಲ್ಲಿ ನಾನು ನಪಾಸಾದೆ. ಚಪ್ಪಲಿಯೂ ಇಲ್ಲ, ಗಿಡವೂ ಇಲ್ಲ, ಅಂಕವೂ ಇಲ್ಲ ಎಂದು ಯೋಚಿಸುತ್ತ, ಓದು ಬಿಟ್ಟು ಊರಿಗೆ ಹೋಗಿ ತೋಟದ ಕೆಲಸಕ್ಕೆ ಸೇರುವುದೇ ಮೇಲೆಂದು ಎರಡು ರಾತ್ರಿ ನಿದ್ದೆಗೆಟ್ಟೆ.

ಮೂರನೆಯ ದಿನ ಅವ್ವ ಬಂದಳು. ಊರವರು ಹತ್ತಿರದ ಮದುವೆಯೊಂದಕ್ಕೆ ವ್ಯಾನು ಮಾಡಿಕೊಂಡು ಬಂದಿದ್ದರು. ಅವರೊಡನೆ ಬಂದವಳು ವಿಳಾಸ ಕೇಳಿಕೊಂಡು ಹಾಸ್ಟೆಲಿಗೇ ಬಂದುಬಿಟ್ಟಳು. ಬಾಗಿಲಲ್ಲಿ ಆಕೆಯ ದನಿ ಕೇಳಿದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಕುಂಡವನ್ನು ಮಂಚದ ಕೆಳಗೆ ತಳ್ಳಿದ್ದು. ಆಕೆ ಕುಳಿತಳು, ನೀರು ಕುಡಿದಳು, ನನ್ನ ಕಾಲಿನ ಕಡೆ ಒಮ್ಮೆ ನೋಡಿದಳು. ಕೈಚೀಲವನ್ನು ಮಂಚದ ಕೆಳಗಿಡಲು ಬಗ್ಗಿದಾಗ ಕುಂಡ ಸಿಕ್ಕಿತು. ಹೊರಗೆ ಎಳೆದು, ಒಣಗಿದ ದಂಟನ್ನು ಕಂಡು, "ಕೆಸು ತಂದು ಕೋಣೇಲಿ ಇಟ್ಕಂಡಿದೀಯಲ್ಲ ಮಾರಾಯ!" ಎಂದಳು.

ಜೊತೆಗಾರ ಕಿವಿ ನಿಮಿರಿಸಿದ. "ಅಮ್ಮಾ, ಅದು ಅಲೋಕೇಸಿಯ ಅಂತಲ್ವಾ?" ಎಂದ.

"ಅದೆಂತದೋ ನಂಗೆ ಗೊತ್ತಿಲ್ಲ ಮಗಾ. ಇದು ಕೆಸುವಿನ ಪೈಕಿ" ಎಂದಳು ಅವ್ವ.

ಸತ್ತುಹೋಯಿತೆಂದು ನಾನು ತಗ್ಗಿದ ದನಿಯಲ್ಲಿ ಹೇಳಿದೆ. ಆಕೆ ಉತ್ತರ ಹೇಳದೆ ಮಣ್ಣಿನೊಳಗೆ ಎರಡು ಬೆರಳಿಳಿಸಿ ಗಡ್ಡೆಯನ್ನು ಒತ್ತಿ ನೋಡಿದಳು. "ಗಟ್ಟಿ ಐತೆ. ಸತ್ತಿಲ್ಲ, ಚಳಿಗೆ ಮಲ್ಗಿದೆ ಅಷ್ಟೆ. ಮಲ್ಗಿದ್ದನ್ನ ಎಬ್ಬಿಸಬಾರದು. ನೀರು ಕಮ್ಮಿ ಮಾಡು, ಸೆಖೆ ಬಂದ್ರೆ ತಾನೇ ಏಳ್ತದೆ" ಎಂದಳು. ಆಮೇಲೆ ಜೊತೆಗಾರ ಒಂದೊಂದೇ ಪ್ರಶ್ನೆ ಕೇಳತೊಡಗಿದ. ತಿನ್ನುವ ಕೆಸು ಯಾವುದು, ತುರಿಸುವುದು ಯಾವುದು, ಮರದ ಮೇಲೆ ಬೆಳೆಯುವುದು ಹೇಗೆ, ಹುಳಿ ಎಷ್ಟು, ಎಷ್ಟು ಹೊತ್ತು ಬೇಯಬೇಕು: ಎಲ್ಲಕ್ಕೂ ಅವ್ವ ನಿಧಾನವಾಗಿ ಉತ್ತರ ಹೇಳಿದಳು. ಹೆಬ್ಬೆಟ್ಟು ಒತ್ತುವ ನನ್ನ ಅವ್ವ ಕಬ್ಬಿಣದ ಮಂಚದ ಮೇಲೆ ಕುಳಿತು ಹೇಳುವುದು, ಬಿ.ಎ. ಓದುವ ಹುಡುಗ ನೆಲದ ಮೇಲೆ ಕುಳಿತು ಕೇಳುವುದು! ನಾನು ಇದುವರೆಗೆ ಯಾರಿಂದ ಏನನ್ನು ಮುಚ್ಚಿಡುತ್ತಿದ್ದೆನೆಂದು ನನಗೇ ತಿಳಿಯದಾಯಿತು. ನಪಾಸಾದ ವಿಷಯವನ್ನು ಅಲ್ಲಿಯೇ ಹೇಳಿಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ಸಲ ಬರೆಯಕ್ಕೆ ಬಿಡ್ತಾರೇನು?" ಎಂದಳು. ಬಿಡುತ್ತಾರೆಂದೆ. "ಮತ್ತೆ ಬರಿ" ಎಂದಳು. ಅಷ್ಟೇ.

ಹೊರಡುವಾಗ, "ಇದಕ್ಕೆಷ್ಟು ಕೊಟ್ಟೆ?" ಎಂದು ಕೇಳಿದಳು. ಒಂದು ನಿಜ ಹೇಳಿದ ಬಾಯಿಗೆ ಇನ್ನೊಂದು ಬರಲಿಲ್ಲ. "ಮೂವತ್ತು ರೂಪಾಯಿ" ಎಂದೆ. "ಕೆಸುವಿಗೆ ಮೂವತ್ತು!" ಎಂದು ಆಕೆ ನಕ್ಕು, ಸೆರಗಿನ ಗಂಟಿನಿಂದ ನೂರರ ಎರಡು ನೋಟು ತೆಗೆದು ನನ್ನ ಕೈಯಲ್ಲಿಟ್ಟು, "ಚಪ್ಪಲಿ ತಗ" ಎಂದು ಹೇಳಿ ವ್ಯಾನು ಹತ್ತಿದಳು. ಅಂದೇ ಸಂಜೆ ಚಪ್ಪಲಿ ಕೊಂಡೆ. ಆದರೆ ಆ ಮೂವತ್ತು ರೂಪಾಯಿಯ ಸುಳ್ಳು ಹೊಸ ಚಪ್ಪಲಿಯೊಳಗಿನ ಮರಳಿನಂತೆ ಚುಚ್ಚುತ್ತಲೇ ಇತ್ತು.

ಮಾರ್ಚ್ ತಿಂಗಳ ಕೊನೆಗೆ, ಯುಗಾದಿಯ ಹಿಂದುಮುಂದಿನಲ್ಲಿ, ಮಣ್ಣಿನಿಂದ ಹಸಿರು ಮೊಳೆಯೊಂದು ಮೇಲೆದ್ದಿತು. ಸುರುಳಿ ಬಿಚ್ಚಿ ಎಲೆಯಾಗಲು ವಾರ ಹಿಡಿಯಿತು. ಏಪ್ರಿಲಿನ ಬಿಸಿಲಿಗೆ ಎಲೆಯ ಬೆನ್ನಿನಲ್ಲಿ ಧೂಳಿನಂತಹ ಕೆಂಪು ನುಸಿ ಮತ್ತು ಸಣ್ಣ ಬಲೆ ಕಂಡವು. ಒದ್ದೆಬಟ್ಟೆಯಿಂದ ಒರಸಿ, ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆಯ ಹೊತ್ತು ಹಚ್ಚಿ ಅದನ್ನೂ ಗೆದ್ದೆವು. ಬಹುವಚನ ಏಕೆಂದರೆ, ಅಷ್ಟರಲ್ಲಿ ಜೊತೆಗಾರನೂ ಪಾಲುದಾರನಾಗಿದ್ದ. ನಾನು ಇಂಗ್ಲಿಷನ್ನು ಮತ್ತೆ ಬರೆದು ೪೧ ಅಂಕಗಳಿಂದ ತೇರ್ಗಡೆಯಾದೆ. ದೊಡ್ಡ ವಿಜಯವೇನಲ್ಲ; ಆದರೂ ತೇರ್ಗಡೆ.

ಜೂನ್ ತಿಂಗಳಲ್ಲಿ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಾಯಿಸುವಾಗ ಬೇರಿನ ನಡುವೆ ಕಡಲೆಕಾಳಿನ ಗಾತ್ರದ ಮೂರು ಕಂದು ಗಡ್ಡೆಗಳು ಸಿಕ್ಕವು. ತೇವದ ನಾರಿನ ಪುಡಿಯಲ್ಲಿಟ್ಟು ಮೇಲೆ ಗಾಜಿನ ಲೋಟ ಮುಚ್ಚಿದೆ, ಮೂರೂ ಮೊಳೆತವು. ಅದರಲ್ಲೊಂದನ್ನು ಎರಡೆಲೆಯಾದ ಮೇಲೆ ೨೦೨೫ರ ಭೂಮಿಹುಣ್ಣಿಮೆಗೆ ಊರಿಗೆ ಒಯ್ದೆ. ಅವ್ವ ಒಡೆದ ಕೊಡವೊಂದರ ತಳದಲ್ಲಿ ಅದನ್ನು ನೆಟ್ಟು ಸೂರಿನ ಕೆಳಗೆ, ಹನಿ ಬೀಳದ ಕಡೆ ಇಟ್ಟಳು. ಅಲ್ಲಿ ನಿಂತೇ ನಾನು, "ಅವ್ವಾ, ಅದು ಮೂವತ್ತು ರೂಪಾಯಿಯದಲ್ಲ" ಎಂದೆ.

"ಗೊತ್ತು. ಇನ್ನೂರ ಎಂಬತ್ತು" ಎಂದಳು ಆಕೆ, ಮಣ್ಣು ಒತ್ತುತ್ತ. "ಕುಂಡಕ್ಕೆ ಚೀಟಿ ಅಂಟಿಸಿದ್ರಲ್ಲ."

ಆಕೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಜೀವಮಾನವಿಡೀ ಕೂಲಿಯ ಲೆಕ್ಕ ನೋಡಿದವಳಿಗೆ ಅಂಕಿ ಬರುತ್ತದೆಂಬುದನ್ನು ಅಕ್ಷರ ಬಲ್ಲ ನಾನು ಮರೆತಿದ್ದೆ. "ಮತ್ತೆ ಆಗ ಯಾಕೆ ಹೇಳಲಿಲ್ಲ?" ಎಂದೆ. "ನಿನ್ನ ಜೊತೆ ಹುಡುಗ ಕೂತಿದ್ನಲ್ಲ" ಎಂದು ಹೇಳಿ ಕೈ ತೊಳೆಯಲು ಎದ್ದುಹೋದಳು.

ಈ ವರ್ಷ ನನ್ನ ವ್ಯಾಸಂಗ ಮುಗಿಯುತ್ತದೆ. ನಮ್ಮ ಮನೆತನದಲ್ಲಿ ಪದವಿ ಪಡೆಯುವವನು ನಾನೇ ಮೊದಲಿಗನೆಂದು ಅಧ್ಯಾಪಕರು ಪ್ರೀತಿಯಿಂದ ಹೇಳುತ್ತಾರೆ. ಪದವಿಯ ಮಟ್ಟಿಗೆ ಅದು ನಿಜ. ಮನೆಯಲ್ಲಿ ತಿಳಿದವರ ಪೈಕಿ ಮೊದಲಿಗನೆಂದು ಮಾತ್ರ ನಾನು ಇನ್ನು ತಿಳಿಯಲಾರೆ. ಎರಡನೆಯ ಮರಿಗಿಡವನ್ನು ಜೊತೆಗಾರ ಚಳ್ಳಕೆರೆಗೆ ಒಯ್ಯುತ್ತಾನೆ. ಮೂರನೆಯದು ಹಾಸ್ಟೆಲಿನ ವಾಚನಾಲಯದ ಮೂಡಣ ಕಿಟಕಿಯ ಬಳಿ ಇದೆ. ಮುಂದೆ ಬರುವ ತಮ್ಮಂದಿರಲ್ಲಿ ಒಂದು ವಿನಂತಿ: ಬೆರಳಿಳಿಸಿ ನೋಡಿ ನೀರು ಹಾಕಿರಿ. ಡಿಸೆಂಬರಿನಲ್ಲಿ ಎಲೆಯೆಲ್ಲ ಉದುರಿದರೆ ಎಸೆಯಬೇಡಿರಿ. ಗಡ್ಡೆಯನ್ನು ಒತ್ತಿ ನೋಡಿರಿ. ಅದರ ಹೆಸರೇನೆಂದು ಯಾರಾದರೂ ಕೇಳಿದರೆ ಕೆಸುವೆಂದೇ ಹೇಳಿರಿ.