ಬೆಲ್ಟಿನ ಮೇಲೆ ಬಂದ ಗುಳಿಗೆ

ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವ ಕಸದ ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಸದ್ದು. ಕಾರ್ಕಳ, ಕಾಪು ಕಡೆಯ ಪಂಚಾಯತುಗಳ ಒಣಕಸ ಇಲ್ಲಿಗೇ ಬರುತ್ತದೆ. ದಿನಕ್ಕೆ 10 ಟನ್ ವಿಂಗಡಿಸಲೆಂದು ಕಟ್ಟಿದ ಘಟಕವಿದು. ಬೆಲ್ಟಿನ ಪಕ್ಕ ನಿಲ್ಲಿ. ಹಾಲಿನ ತೊಟ್ಟೆ, ಶಾಂಪೂ ಬಾಟಲಿ, ಒಂಟಿ ಚಪ್ಪಲಿ. ಗವಸು ತೊಟ್ಟ ಬೆರಳುಗಳು ಹೆಕ್ಕುತ್ತಲೇ ಇವೆ.

ಅಗೋ, ಬೆನ್ನ ಮೇಲೆ ಕೆಂಪು ಗೆರೆಯಿರುವ ಒಂದು ಸ್ಟ್ರಿಪ್. ಹತ್ತರಲ್ಲಿ ನಾಲ್ಕು ಗುಳಿಗೆ ಹಾಗೇ ಇವೆ. ಜ್ವರ ಇಳಿದದ್ದೇ ಯಾರೋ ಆಂಟಿಬಯೋಟಿಕ್ ನಿಲ್ಲಿಸಿದ್ದಾರೆ. ಅದರ ಹಿಂದೆಯೇ ಅರ್ಧ ಉಳಿದ ಕೆಮ್ಮಿನ ಸಿರಪ್ಪು. ಮುಚ್ಚಳ ಸಡಿಲ, ಕಸ ಹೆಕ್ಕುವ ಅಕ್ಕನ ಗವಸಿಗೆಲ್ಲ ಗುಲಾಬಿ ಅಂಟು. ಆಮೇಲೆ ಇನ್ಸುಲಿನ್ ಸಿರಿಂಜು, ಸೂಜಿ ಸಮೇತ. ಅವರ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಎರಡೇ ಬೆರಳಲ್ಲಿ, ಹಿಂಬದಿಯಿಂದ ಹಿಡಿದು ಎತ್ತುತ್ತಾರೆ. ನನ್ನ ಉಸಿರೂ ಅಲ್ಲಿಯವರೆಗೆ ನಿಂತಿತ್ತು.

ಇವನ್ನು ಎಸೆದ ಮನೆಯನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಬೇರೇನು ಮಾಡಬೇಕಿತ್ತು? ಬಚ್ಚಲೊಲೆಗೆ ಹಾಕಿದರೆ ಪ್ಲಾಸ್ಟಿಕ್ಕಿನ ಹೊಗೆ ಸ್ನಾನಕ್ಕೆ ಬಂದ ಮಗುವಿನ ಮೂಗಿಗೆ. ಟಾಯ್ಲೆಟ್ಟಿಗೆ ಸುರಿಯೋಣವೆಂದರೆ ನಮ್ಮದು ನೀರು ಸಲೀಸಾಗಿ ಇಳಿಯುವ ಮುರಕಲ್ಲಿನ ನೆಲ. ಗುಂಡಿಯೂ ಬಾವಿಯೂ ಒಂದೇ ಹಿತ್ತಲಲ್ಲಿ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೀಗೆ ನೀರಿಗೆ ಬಿಡಬಹುದೆಂದು ಹೆಸರಿಸಿದ್ದು 17 ಔಷಧಗಳನ್ನು ಮಾತ್ರ. ಫೆಂಟನಿಲ್, ಟ್ರಮಡಾಲ್‌ನಂಥವು; ಮನೆಯಲ್ಲಿ ಬೇರೆಯವರ ಕೈಗೆ ಸಿಕ್ಕರೆ ಜೀವಕ್ಕೇ ಕುತ್ತು ಎಂಬ ಕಾರಣಕ್ಕೆ.

ಇದೇ ಗುಳಿಗೆ ಮಣಿಪಾಲದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಉಳಿದಿದ್ದರೆ? ಆಸ್ಪತ್ರೆ ತ್ಯಾಜ್ಯದ 2016ರ ನಿಯಮದಂತೆ ಹಳದಿ ಚೀಲಕ್ಕೆ ಬೀಳಬೇಕು. ಅಲ್ಲಿಂದ ತಯಾರಕರಿಗೆ ವಾಪಸ್, ಇಲ್ಲವೇ ಕುಲುಮೆಗೆ. ಆ ಕುಲುಮೆಯ ಎರಡನೇ ಕೋಣೆಯ ಶಾಖ ಸುಮಾರು 1050 ಡಿಗ್ರಿ. ಅದೇ ವರ್ಷದ ಘನತ್ಯಾಜ್ಯ ನಿಯಮ ಮನೆಯ ಅವಧಿ ಮೀರಿದ ಮದ್ದನ್ನೂ ಅಪಾಯಕಾರಿ ಕಸ ಎಂದೇ ಕರೆದು, ಬೇರೆಯಾಗಿ ಕೊಡಿ ಎಂದಿತ್ತು. ಆದರೆ ನಮ್ಮ ಗೇಟಿಗೆ ಬರುವ ಗಾಡಿಯಲ್ಲಿ ಹಸಿ, ಒಣ ಎಂದು ಎರಡೇ ಪಾಲು. ಅತ್ತ ಕೇರಳದ ಕೋಝಿಕ್ಕೋಡಿನಲ್ಲಿ 2025ರಿಂದ ಹಳೇ ಮದ್ದು ಸಂಗ್ರಹಿಸುತ್ತಿದ್ದಾರೆ. ಉಡುಪಿಯ ಪ್ರತಿ ಮೆಡಿಕಲ್ ಶಾಪಿನ ಕೌಂಟರಿನಲ್ಲೂ ಬೀಗ ಹಾಕಿದ ಒಂದು ಡಬ್ಬಿ ಬೇಕೇ ಬೇಕು. ಕೊಂಡಲ್ಲೇ ಹಿಂದಿರುಗಿಸುವುದಕ್ಕಿಂತ ಸುಲಭದ ದಾರಿ ಯಾವುದಿದೆ?

ಅಕ್ಕ ಸಿರಿಂಜನ್ನು ಪಕ್ಕದ ಡಬ್ಬಿಗೆ ಹಾಕಿ ಗವಸು ಒರೆಸಿಕೊಂಡರು. ಬೆಲ್ಟು ನಿಂತಿರಲಿಲ್ಲ. ಇನ್ನೊಂದು ಸ್ಟ್ರಿಪ್ ಬಂತು, ಇದರಲ್ಲಿ ಎಂಟು ಗುಳಿಗೆ.